ಕೆಂಪು ಕಿಟಕಿ ಕಡೆ

"ನಿನ್ನ ತಮ್ಮನಿಗೆ ಹೇಳು, ಮೇಜಿನ ಆ ಕಡೆ ಕಾಲಿನ ಕೆಳಗೆ ಒಂದು ರಟ್ಟು ಇಡ್ಲಿ ಅಂತ," ಎಂದರು ಮೇಷ್ಟ್ರು.

"ಅಕ್ಕಾ, ಭಾವನಿಗೆ ಹೇಳು, ನಮ್ಮ ಕಾಲು ನೆಟ್ಟಗೇ ಇದೆ, ನಿಮ್ಮ ಮನೆ ನೆಲಾನೇ ಸೊಟ್ಟ ಅಂತ," ಎಂದ ತಮ್ಮ.

ಇಬ್ಬರ ನಡುವೆ ಇದ್ದದ್ದು ಎರಡು ಮಾರು ದೂರ. ಅವಳು ಬಾಯಿ ತೆರೆಯುವ ಮೊದಲೇ ಮಾತು ಎರಡೂ ಕಡೆ ತಲುಪಿರುತ್ತಿತ್ತು. ಆದರೂ ಅವಳು ಅದನ್ನು ಇನ್ನೊಮ್ಮೆ ಹೇಳುವ ತನಕ ಉತ್ತರ ಕೊಡುವ ವಾಡಿಕೆ ಇರಲಿಲ್ಲ. ಗಂಡ ಮತ್ತು ತಮ್ಮ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಬಿಟ್ಟ ಮೇಲೆ ಇಬ್ಬರೂ ಹಿಂದೆಂದಿಗಿಂತ ಹೆಚ್ಚು ಮಾತಾಡುತ್ತಿದ್ದರು, ಎಲ್ಲವನ್ನೂ ಅವಳ ಮೂಲಕ.

ಅವಳು ಹಲ್ಲಿನ ಡಾಕ್ಟರ ಹತ್ತಿರ ಅಸಿಸ್ಟೆಂಟು. ಡಾಕ್ಟರು ಹಲ್ಲು ಕೊರೆಯುವಾಗ ರೋಗಿಯ ತುಟಿ ಹಿಡಿದುಕೊಳ್ಳುವುದು, ಎಂಜಲು ಎಳೆಯುವ ಕೊಳವೆ ಹಿಡಿದುಕೊಳ್ಳುವುದು, ದೀಪ ಹಿಡಿದುಕೊಳ್ಳುವುದು, ಒಮ್ಮೊಮ್ಮೆ ರೋಗಿಯನ್ನೇ ಹಿಡಿದುಕೊಳ್ಳುವುದು ಅವಳ ಉದ್ಯೋಗ. ಮನೆಯಲ್ಲೂ ಅದೇ ಕೆಲಸ, ಸಂಬಳ ಮಾತ್ರ ಇಲ್ಲ. ಗಂಡ ಹೈಸ್ಕೂಲಿನಲ್ಲಿ ಫಿಸಿಕ್ಸ್ ಹೇಳುವವರು, ಬೀದಿಗೆಲ್ಲ ಮೇಷ್ಟ್ರು, ಸಿಟ್ಟು ಬಂದಾಗ ಅವಳಿಗೂ ಮೇಷ್ಟ್ರು. ತಮ್ಮ ಆಫೀಸುಗಳ ಜೆರಾಕ್ಸ್ ಮಷೀನು ರಿಪೇರಿ ಮಾಡುವವನು. ಒಬ್ಬರಿಗೆ ಕರೆಂಟು ಯಾಕೆ ಹರಿಯುತ್ತದೆ ಎಂದು ಗೊತ್ತು, ಇನ್ನೊಬ್ಬನಿಗೆ ಎಲ್ಲಿ ನಿಂತುಹೋಗುತ್ತದೆ ಎಂದು ಗೊತ್ತು. ಇಬ್ಬರೂ ಸೇರಿದರೆ ಒಬ್ಬ ಪೂರ್ತಿ ಎಲೆಕ್ಟ್ರಿಶಿಯನ್ ಆಗುತ್ತಿದ್ದರು. ಸೇರುವುದೇ ಕಷ್ಟ.

ಮಾತು ಬಿಡಲು ಕಾರಣ ಅವರ ಮುಂದೆ ಇದ್ದ ಮೇಜು. ಅದು ಅವಳ ಅಪ್ಪ ಕಟ್ಟಿದ್ದು. ಅಪ್ಪ ರೈಲು ಎಂಜಿನ್ ಡ್ರೈವರಾಗಿದ್ದವರು. ರಿಟೈರಾದ ಮೇಲೆ ಕೈ ಸುಮ್ಮನಿರಲಾರದೆ ಒಂದು ಇಡೀ ಕೋಣೆ ತುಂಬುವ ಮೇಜು ಮಾಡಿ, ಅದರ ಮೇಲೆ ಸೇತುವೆ, ಸುರಂಗ, ಸ್ಟೇಷನ್ನು, ಸಿಗ್ನಲ್ಲುಗಳ ಸಮೇತ ಒಂದು ಪುಟ್ಟ ರೈಲು ದಾರಿ ಹಾಕಿದ್ದರು. ಕೀಲಿ ಕೊಡುವ ಆಟಿಕೆ ಅಲ್ಲ. ಒಂದು ಪೆಟ್ಟಿಗೆಯಿಂದ ಎರಡು ಕಂಬಿಗಳಿಗೂ ಸದಾ ಕರೆಂಟು ಹೋಗುತ್ತಿರುತ್ತದೆ, ಅದೇ ಕರೆಂಟಿನಲ್ಲಿ ಅಪ್ಪಣೆಗಳೂ ಹೋಗುತ್ತವೆ. ಎಂಜಿನ್ನಿನ ಹೊಟ್ಟೆಯಲ್ಲಿರುವ ಎಲೆಕ್ಟ್ರಾನಿಕ್ ಚಿಪ್ಪು ತನ್ನ ನಂಬರಿಗೆ ಬಂದ ಅಪ್ಪಣೆ ಮಾತ್ರ ಕೇಳುತ್ತದೆ. "ನನ್ನ ಮಕ್ಕಳಿಗಿಂತ ವಾಸಿ," ಎನ್ನುತ್ತಿದ್ದರು ಅಪ್ಪ. ಎಲ್ಲಾದರೂ ಈ ಕಂಬಿಯ ಕರೆಂಟು ಆ ಕಂಬಿಗೆ ತಗುಲಿ ಶಾರ್ಟ್ ಆಯಿತೋ, ಪೆಟ್ಟಿಗೆ ಕೀಂಯ್ ಎಂದು ಕೂಗಿ, ಕೆಂಪು ದೀಪ ಮಿಟುಕಿಸಿ, ಎಲ್ಲವನ್ನೂ ಆರಿಸಿಬಿಡುತ್ತದೆ. ಸ್ಟೇಷನ್ನಿನ ದೀಪವೂ ಹೋಗುತ್ತದೆ.

ಅಪ್ಪನ ಕಾಲು ಸ್ವಾಧೀನ ತಪ್ಪಿ, ನೋಡಿಕೊಳ್ಳುವವರಿರುವ ಆಶ್ರಮಕ್ಕೆ ಅವರನ್ನು ಸೇರಿಸಿ, ಬಾಡಿಗೆ ಮನೆ ಖಾಲಿ ಮಾಡುವಾಗ ಮೇಜು ಯಾರಿಗೆ ಎಂಬ ಪ್ರಶ್ನೆ ಬಂತು. ಇಡೀ ಮೇಜು ಇಬ್ಬರಲ್ಲಿ ಯಾರ ಮನೆಗೂ ಹಿಡಿಸುತ್ತಿರಲಿಲ್ಲ. ಬಿಟ್ಟುಕೊಡುವ ಮಾತೂ ಯಾರಿಗೂ ಹಿಡಿಸಲಿಲ್ಲ. ಕೊನೆಗೆ ಮೇಷ್ಟ್ರು ಸ್ಕೇಲು ಹಿಡಿದು ಗೆರೆ ಎಳೆದರು, ತಮ್ಮ ಗರಗಸ ಹಿಡಿದು ಕುಯ್ದ. ಅವರಿಬ್ಬರೂ ಕೂಡಿ ಮಾಡಿದ ಕೊನೆಯ ಕೆಲಸ ಅದು, ಬಹಳ ಅಚ್ಚುಕಟ್ಟಾಗಿ ಬಂದಿತ್ತು. ಸೇತುವೆ ಮೇಷ್ಟರಿಗೆ, ಸುರಂಗ ತಮ್ಮನಿಗೆ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದ ಪ್ಲಾಸ್ಟಿಕ್ ದಂಪತಿಗಳಲ್ಲಿ ಗಂಡ ಈ ಕಡೆಗೆ, ಹೆಂಡತಿ ಆ ಕಡೆಗೆ. ಪೆಟ್ಟಿಗೆ ಮೇಷ್ಟರ ಪಾಲಿಗೆ ಬಂತು, ಎಂಜಿನ್ನು ತಮ್ಮನ ಪಾಲಿಗೆ ಹೋಯಿತು. ಅಲ್ಲಿಗೆ ಮೂರು ವರ್ಷ ಯಾರ ಮನೆಯಲ್ಲೂ ರೈಲು ಓಡಲಿಲ್ಲ.

ಅಪ್ಪನಿಗೆ ಮಾತ್ರ ಯಾರೂ ಹೇಳಿರಲಿಲ್ಲ. "ಮೇಜು ಹೇಗಿದೆ?" ಎಂದು ಅವರು ಕೇಳಿದಾಗಲೆಲ್ಲ ಅವಳು, "ನಮ್ಮನೇಲಿ ಚೆನ್ನಾಗಿದೆ ಅಪ್ಪ," ಎನ್ನುತ್ತಿದ್ದಳು. ಅದು ಅರ್ಧ ಸತ್ಯ, ಅಕ್ಷರಶಃ.

ಈಗ ಭಾನುವಾರ ಅಪ್ಪ ಬರುವವರಿದ್ದರು. ಆಶ್ರಮದ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು, "ಒಂದು ಮಧ್ಯಾಹ್ನ ಕರ್ಕೊಂಡು ಹೋಗಿ. ಇನ್ಮೇಲೆ ಕಳಿಸೋಕೆ ಆಗುತ್ತೆ ಅಂತ ನನಗನ್ನಿಸಲ್ಲ," ಎಂದಿದ್ದರು. ಎಲ್ಲಿಗೆ ಹೋಗಬೇಕು ಎಂದು ಅವಳು ಅಪ್ಪನನ್ನು ಕೇಳಿದರೆ ಅವರು ಒಂದೇ ಮಾತು ಹೇಳಿದರು: "ಗಾಡಿ ಒಂದು ಸುತ್ತು ಪೂರ್ತಿ ಬರೋದು ನೋಡ್ಬೇಕು, ಪುಟ್ಟಿ."

ಹಾಗಾಗಿ ಶನಿವಾರ ಬೆಳಿಗ್ಗೆ ತಮ್ಮನ ಪಾಲಿನ ಅರ್ಧ ಮೇಜು ಟೆಂಪೋದಲ್ಲಿ ಬಂದು, ಅವಳ ಮನೆಯ ಮುಂದಿನ ಕೋಣೆಯಲ್ಲಿ ಮೇಷ್ಟರ ಅರ್ಧಕ್ಕೆ ಒತ್ತಿ ನಿಂತಿತು. ಸೋಫಾ ವರಾಂಡಕ್ಕೆ ಹೋಯಿತು. ಕುಯ್ದ ಗೆರೆಯ ಮೇಲೆ ಅವಳು ಬಣ್ಣ ಹಚ್ಚಿದ ಮರದ ಹೊಟ್ಟು ಉದುರಿಸಿ ಹುಲ್ಲು ಮಾಡಿದಳು. ಬೆಂಚಿನ ಗಂಡ ಹೆಂಡಿರು ಮೂರು ವರ್ಷದ ಮೇಲೆ ಪಕ್ಕಪಕ್ಕ ಕೂತರು. ತಮ್ಮ ಎಂಜಿನ್ನನ್ನು ಕಂಬಿಯ ಮೇಲಿಟ್ಟ, ಮೇಷ್ಟ್ರು ಎರಡೂ ಅರ್ಧದ ತಂತಿ ಪೆಟ್ಟಿಗೆಗೆ ಸೇರಿಸಿ ಗುಂಡಿ ತಿರುಗಿಸಿದರು.

ರೈಲು ಸುರಂಗದಿಂದ ಹೊರಟಿತು. ಸೊಗಸಾಗಿ ಬಂತು. ಗೆರೆಯ ಹತ್ತಿರ ಬಂದು ಮುಂದಿನ ಗಾಲಿ ಆ ಕಡೆಯ ಕಂಬಿಗೆ ತಾಗಿತೋ ಇಲ್ಲವೋ, ಕೀಂಯ್. ಎಲ್ಲ ದೀಪ ಆರಿತು. ರೈಲನ್ನು ಎತ್ತಿ ಮೇಷ್ಟರ ಕಡೆ ಇಟ್ಟರೆ ಅಲ್ಲೂ ಸೊಗಸಾಗಿ ಓಡಿತು, ಸೇತುವೆ ದಾಟಿತು, ಗೆರೆಗೆ ಬಂದು ಮತ್ತೆ ಕೀಂಯ್.

ಕಾರಣ ಇಬ್ಬರಿಗೂ ಆ ಕ್ಷಣವೇ ಗೊತ್ತಾಯಿತು. ಒಬ್ಬರ ತಂತಿ ಉಲ್ಟಾ. ಈ ಕಡೆಯ ಎಡಗಂಬಿಯ ಕರೆಂಟು ಆ ಕಡೆಯ ಬಲಗಂಬಿಯಲ್ಲಿದೆ. ಗಾಲಿ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಶಾರ್ಟು. ಯಾರಾದರೂ ಒಬ್ಬರು ತಮ್ಮ ಮೇಜಿನ ಕೆಳಗೆ ಎರಡು ಸ್ಕ್ರೂ ಸಡಿಲಿಸಿ ತಂತಿ ಅದಲುಬದಲು ಮಾಡಿದರೆ ಮುಗಿಯಿತು.

"ನಿನ್ನ ತಮ್ಮನಿಗೆ ಹೇಳು, ಮಾವ ಹೇಳಿಕೊಟ್ಟ ಹಾಗೇ ಹಾಕಿದ್ದೀನಿ ಅಂತ. ಕೆಂಪು ತಂತಿ ಕಿಟಕಿ ಕಡೆ ಕಂಬಿಗೆ."

"ಅಕ್ಕಾ, ಭಾವನಿಗೆ ಹೇಳು, ಅಪ್ಪನ ಮಾತು ನನಗೇನು ಹೊಸದಲ್ಲ ಅಂತ. ನಾನು ಹಾಕಿದ್ದೂ ಕಿಟಕಿ ಕಡೇಗೇ."

ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಕೆಂಪು ಕಿಟಕಿ ಕಡೆ ಎಂಬುದು ಅಪ್ಪನ ಶಾಸನ. ಅಪ್ಪನ ಕೋಣೆಗೆ ಒಂದೇ ಕಿಟಕಿ ಇತ್ತು, ಮೇಜು ಎಂದೂ ಅಲ್ಲಾಡುತ್ತಿರಲಿಲ್ಲ, ಆದ್ದರಿಂದ ಶಾಸನದಲ್ಲಿ ತಪ್ಪಿರಲಿಲ್ಲ. ಮೇಜು ಕುಯ್ದಾಗ ಕೆಳಗಿನ ತಂತಿಗಳೂ ತುಂಡಾಗಿದ್ದವು. ಇಬ್ಬರೂ ತಂತಮ್ಮ ಮನೆಯಲ್ಲಿ, ಅಪ್ಪನ ಮಾತನ್ನು ಚಾಚೂ ತಪ್ಪದೆ, ಹೊಸದಾಗಿ ತಂತಿ ಎಳೆದರು. ಮೇಷ್ಟರ ಮನೆಯಲ್ಲಿ ಕಿಟಕಿ ಮೇಜಿನ ಈ ಬದಿಗಿತ್ತು, ತಮ್ಮನ ಮನೆಯಲ್ಲಿ ಆ ಬದಿಗೆ.

"ಹಾಗಾದ್ರೆ ಯಾರಾದ್ರೂ ಒಬ್ಬರು ಬದಲಾಯಿಸಿ," ಎಂದಳು ಅವಳು.

"ಮಾವನ ಮಾತನ್ನ ಮೀರು ಅಂತೀಯಾ?" ಎಂದರು ಮೇಷ್ಟ್ರು.

"ಅಪ್ಪ ಬರೋ ದಿನವೇ ಅಪ್ಪನ ಮಾತು ಮುರೀಬೇಕಾ?" ಎಂದ ತಮ್ಮ.

ವಿಧೇಯತೆಯಲ್ಲಿ ಅಪ್ಪನಿಗೆ ಇಂಥ ಮಗ, ಇಂಥ ಅಳಿಯ ಮೊದಲೇ ಸಿಕ್ಕಿದ್ದರೆ ಮೇಜು ಕುಯ್ಯಬೇಕಾಗಿರಲಿಲ್ಲ ಎಂದುಕೊಂಡಳು ಅವಳು. ಅಡುಗೆಮನೆಯಲ್ಲಿ ಗಂಡನನ್ನು ನಿಲ್ಲಿಸಿ ಬೇಡಿಕೊಂಡಳು: "ರೀ, ನೀವು ದೊಡ್ಡವರು. ಅಪ್ಪನಿಗೋಸ್ಕರ ಒಂದು ಸಲ." ಮೇಷ್ಟ್ರು, "ನ್ಯಾಯ ಅನ್ನೋದು ಒಂದಿದೆ ಕಣೇ," ಎಂದು ನೀರು ಕುಡಿದು ಹೋದರು. ವರಾಂಡದಲ್ಲಿ ಸೋಫಾದ ಮೇಲೆ ಮುದುರಿ ಕೂತಿದ್ದ ತಮ್ಮನನ್ನೂ ಬೇಡಿಕೊಂಡಳು. "ಅಕ್ಕಾ, ಅವರ ಮುಂದೆ ನಾನು ಬಗ್ಗಲ್ಲ. ಬೇರೆ ಏನು ಬೇಕಾದ್ರೂ ಕೇಳು," ಎಂದ. ಬೇರೆ ಅವಳಿಗೆ ಏನೂ ಬೇಕಿರಲಿಲ್ಲ.

ಸಂಜೆ ಕ್ಲಿನಿಕ್ಕಿನಲ್ಲಿ ಯಾರದೋ ದವಡೆ ಹಲ್ಲು ಕೀಳುವಾಗ ಅವಳು ದೀಪ ಹಿಡಿದುಕೊಂಡು ಅದೇ ಯೋಚನೆಯಲ್ಲಿದ್ದಳು. "ಅಮ್ಮಾ, ದೀಪ ಬಾಯಿಗೆ ಹಿಡೀರಿ, ಗೋಡೆಗಲ್ಲ," ಎಂದರು ಡಾಕ್ಟರು.

ಭಾನುವಾರ ಬೆಳಿಗ್ಗೆ ಒಂದು ವಿಚಿತ್ರ ನಡೆಯಿತು. ಕಾಫಿ ಕುಡಿಯುತ್ತ ಮೇಷ್ಟ್ರು, ಬಹಳ ಉದಾರವಾಗಿ, "ನಿನ್ನ ತಮ್ಮನಿಗೆ ಹೇಳು, ಇನ್ನೊಂದು ಸಲ ಓಡಿಸಿ ನೋಡೋಣ ಅಂತ," ಎಂದರು. ಬೆಳಗಾಗುತ್ತಲೇ ಬಂದಿದ್ದ ತಮ್ಮನ ಮುಖದಲ್ಲೂ ಗುಟ್ಟಿನ ಸಂತೋಷ ಕಾಣುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಕನಿಕರದಿಂದ ನೋಡಿದರು. ರೈಲು ಹೊರಟಿತು, ಗೆರೆಗೆ ಬಂತು.

ಕೀಂಯ್.

ಇಬ್ಬರ ಮುಖವೂ ದೀಪದ ಜೊತೆಗೇ ಆರಿತು. "ಇದು ಸಾಧ್ಯವೇ ಇಲ್ಲ," ಎಂದರು ಮೇಷ್ಟ್ರು, ಯಾರ ಮೂಲಕವೂ ಅಲ್ಲದೆ.

ಆಮೇಲೆ ಶುರುವಾಯಿತು ರಿಪೇರಿ. ಗಾಲಿಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿದರು. ಬೋಗಿಗಳನ್ನು ಕಳಚಿ ಎಂಜಿನ್ನನ್ನು ಒಂಟಿಯಾಗಿ ಬಿಟ್ಟರು. ಹಿಂದುಮುಂದಾಗಿ ಬಿಟ್ಟರು. ಗಾಲಿಯಿಂದ ಗಾಲಿಗೆ ಇರುವ ಅಂತರ ಅಳೆದರು. ಎಂಜಿನ್ನಿನ ಹೊಟ್ಟೆ ಬಿಚ್ಚಿ ಚಿಪ್ಪನ್ನು ತೆಗೆದು, ಊದಿ, ಮತ್ತೆ ಕೂರಿಸಿದರು. ತಮ್ಮ ಸಿಗ್ನಲ್ಲುಗಳ ತಂತಿಯನ್ನೆಲ್ಲ ಒಂದೊಂದಾಗಿ ಬಿಡಿಸಿದ. ಮೇಷ್ಟ್ರು ಪೆಟ್ಟಿಗೆಯನ್ನೇ ಸಂಶಯಿಸಿ ಅದರ ಹೊಂದಿಕೆಗಳನ್ನೆಲ್ಲ ಅಳಿಸಿದರು. ಆಮೇಲೆ ಎಂಜಿನ್ನಿಗೆ ತನ್ನ ನಂಬರೇ ಮರೆತುಹೋಗಿ, ಅದನ್ನು ನೆನಪಿಸಲು ಅರ್ಧ ಬೆಳಗು ಹೋಯಿತು. ಮಲ್ಟಿಮೀಟರಿನ ಎರಡು ಕಡ್ಡಿ ಹಿಡಿದು ಮೇಜಿನ ಮೂಲೆಮೂಲೆ ಮುಟ್ಟಿದರು. ಎರಡು ಅರ್ಧ ಕೂಡುವ ಆ ಗೆರೆಯ ಹತ್ತಿರ ಮಾತ್ರ ಯಾರೂ ಮೀಟರ್ ಇಡಲಿಲ್ಲ. ಅಲ್ಲಿ ಇನ್ನೇನೂ ತಪ್ಪಿಲ್ಲ ಎಂದು ಇಬ್ಬರಿಗೂ, ಬೇರೆ ಬೇರೆಯಾಗಿ, ಖಾತ್ರಿಯಾಗಿ ಗೊತ್ತಿತ್ತು.

ಅವಳಿಗೆ ಈ ಖಾತ್ರಿಯೇ ಅನುಮಾನ ತಂದಿತು. ಬೋಗಿಯ ಕೊಂಡಿಯೊಂದು ಕೆಳಗೆ ಬಿದ್ದಾಗ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ನುಸುಳಿದಳು. ಧೂಳಾಗದಿರಲಿ ಎಂದು ತೊಟ್ಟಿದ್ದ ಕ್ಲಿನಿಕ್ಕಿನ ಎಪ್ರನ್ನಿನ ಜೇಬಿನಲ್ಲಿ ಹಿಡಿಗನ್ನಡಿ ಇತ್ತು, ಬಾಯೊಳಗೆ ಹಿಂದಿನ ಹಲ್ಲು ನೋಡುವಂಥದ್ದು. ಅದನ್ನು ತಂತಿಗಳ ಮೇಲಕ್ಕೆ ಹಿಡಿದಳು. ಮೇಷ್ಟರ ಅರ್ಧದಲ್ಲಿ ತಂತಿ ಹಿಡಿದುಕೊಳ್ಳುವ ಪುಟ್ಟ ಪ್ಲಾಸ್ಟಿಕ್ ಕನೆಕ್ಟರಿನ ಎರಡೂ ಸ್ಕ್ರೂಗಳ ತಲೆ ಹೊಸದಾಗಿ ಗೀರಿ ಮಿರುಗುತ್ತಿತ್ತು. ಪಕ್ಕಕ್ಕೆ ತೆವಳಿದಳು. ತಮ್ಮನ ಅರ್ಧದಲ್ಲೂ ಹೊಸ ಗೀರು.

ಶನಿವಾರ ಅವಳು ಕ್ಲಿನಿಕ್ಕಿಗೆ ಹೋದ ಮೇಲೆ, ಒಬ್ಬರು ಅಂಗಡಿಗೆ ಹೋದಾಗ ಇನ್ನೊಬ್ಬರು, ಹೀಗೆ ಇಬ್ಬರೂ ಬಗ್ಗಿದ್ದರು. ಇಬ್ಬರೂ ಬಗ್ಗಿದ್ದರಿಂದ ಏನೂ ಬದಲಾಗಿರಲಿಲ್ಲ. ಈ ಕಡೆ ಉಲ್ಟಾ ಇದ್ದದ್ದು ಈಗ ಆ ಕಡೆ ಉಲ್ಟಾ, ಅಷ್ಟೇ.

ಅವಳಿಗೆ ನಗು ಬಂತು, ಅಳುವೂ ಬಂತು, ಮೇಜಿನ ಕೆಳಗೆ ಎರಡಕ್ಕೂ ಜಾಗ ಸಾಲಲಿಲ್ಲ. ಹೊರಬಂದು ಗಂಡನನ್ನು ಕೇಳಿದಳು: "ನೀವು ತಂತಿ ಬದಲಾಯಿಸಿದ್ರಾ?"

"ನಾನಾ? ನಾನ್ಯಾಕೆ ಬದಲಾಯಿಸ್ಲಿ?" ಎಂದರು ಮೇಷ್ಟ್ರು. ಮೂವತ್ತು ವರ್ಷ ಮಕ್ಕಳ ಸುಳ್ಳು ಹಿಡಿದವರಿಗೆ ತಾವು ಒಂದು ಹೇಳುವುದು ಬರುತ್ತಿರಲಿಲ್ಲ.

ತಮ್ಮನನ್ನು ಕೇಳಿದಳು. "ನಿನ್ನಾಣೆ ಇಲ್ಲ ಅಕ್ಕಾ," ಎಂದು ಅವಳ ತಲೆಯ ಮೇಲೆಯೇ ಕೈಯಿಟ್ಟ.

ಅಷ್ಟರಲ್ಲಿ ಅಪ್ಪನನ್ನು ಕರೆತರುವ ಹೊತ್ತಾಯಿತು. ಅಪ್ಪನನ್ನು ಗಾಲಿಕುರ್ಚಿಯಿಂದ ಕಾರಿಗೆ ಎತ್ತಿ ಕೂರಿಸಲು ಇಬ್ಬರು ಗಂಡಸರು ಬೇಕು. ಹಾಗಾಗಿ ಮಾತಿಲ್ಲದ ಇಬ್ಬರೂ, ದುಭಾಷಿ ಇಲ್ಲದೆ, ಒಂದೇ ಕಾರಿನಲ್ಲಿ ಹೊರಟರು. ಕಾರು ತಿರುವು ದಾಟುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಬಂದಳು, ಬಾಗಿಲು ಹಾಕಿಕೊಂಡಳು, ಮೇಜಿನ ಕೆಳಗೆ ಹೋದಳು.

ಸ್ಕ್ರೂಡ್ರೈವರು ತಮ್ಮನ ಜೇಬಿನಲ್ಲಿ ಹೋಗಿತ್ತು. ಎಪ್ರನ್ನಿನ ಜೇಬಿನಲ್ಲಿ ಇದ್ದದ್ದು ಹಲ್ಲಿಗೆ ಕಟ್ಟಿದ ಪಾಚಿ ಕೆರೆಯುವ ಉಕ್ಕಿನ ಕಡ್ಡಿ. ಅದರ ತುದಿಯನ್ನು ತಮ್ಮನ ಕಡೆಯ ಸ್ಕ್ರೂಗೆ ಕೊಟ್ಟು ತಿರುಗಿಸಿದಳು. ಜಾರಿತು. ಮತ್ತೆ ಕೊಟ್ಟಳು. ಉಸಿರು ಬಿಗಿಹಿಡಿದು ಎರಡೂ ತಂತಿ ಬಿಡಿಸಿ, ಕೆಂಪು ಇದ್ದಲ್ಲಿಗೆ ಕಪ್ಪು, ಕಪ್ಪು ಇದ್ದಲ್ಲಿಗೆ ಕೆಂಪು ಸಿಕ್ಕಿಸಿ, ಮತ್ತೆಂದೂ ಬಿಚ್ಚದ ಹಾಗೆ ಬಿಗಿದಳು. ಏನೋ ಚಿಟ್ ಎಂದಿತು. ಹೊರಗೆ ಬಂದು ಗುಂಡಿ ತಿರುಗಿಸಿ ನೋಡುವ ಧೈರ್ಯವಾಗಲಿಲ್ಲ. ಮೇಷ್ಟ್ರು ಬೆಳಿಗ್ಗೆಯಷ್ಟೇ ಪಾಠ ಹೇಳಿ ಕೊಟ್ಟಿದ್ದ ಎಂಜಿನ್ನು ಅವಳ ಕೈಯಲ್ಲಿ ಮತ್ತೆ ನಂಬರು ಮರೆತರೆ? ಕೈ ತೊಳೆದುಕೊಂಡಳು.

ಕಾರು ಬಂದಾಗ ಮೊದಲು ಕೇಳಿಸಿದ್ದು ನಗು. ತಮ್ಮ, "ಭಾವ, ಆ ಕಡೆ ಹಿಡೀರಿ," ಎಂದ. ಭಾವನಿಗೇ ಹೇಳಿದ! ಮೇಷ್ಟ್ರು, "ನೀನು ಬಾಗಿಲು ನೋಡ್ಕೋ ಮಾರಾಯ," ಎಂದರು. ಅವಳು ಬಾಗಿಲು ಪೂರ್ತಿ ತೆರೆದು ಹಿಡಿದಳು. ಇಬ್ಬರ ನಡುವೆ, ಮಡಚಿದ ಕಂಬಳಿಯಷ್ಟೇ ಹಗುರಾಗಿ, ಅಪ್ಪ ಒಳಗೆ ಬಂದರು.

"ಪುಟ್ಟಿ, ಮೊದಲು ಬಚ್ಚಲು," ಎಂದರು ಅಪ್ಪ. "ಗಾಡಿ ಆಮೇಲೆ."

ಅವಳು ಅಪ್ಪನನ್ನು ಗಾಲಿಕುರ್ಚಿಯಲ್ಲಿ ಬಚ್ಚಲಿಗೆ ತಳ್ಳಿಕೊಂಡು ಹೋದಳು. ಅಲ್ಲಿ ಗುಂಡಿ ಬಿಚ್ಚುವುದು, ಎತ್ತುವುದು, ಕೂರಿಸುವುದು, ಒರೆಸುವುದು, ಮತ್ತೆ ಗುಂಡಿ ಹಾಕುವುದು. ಅಷ್ಟೂ ಹೊತ್ತು ಮುಂದಿನ ಕೋಣೆಯಲ್ಲಿ ಇಬ್ಬರೂ ಗುಸುಗುಸು ನಗುತ್ತಿದ್ದದ್ದು ಕೇಳಿಸುತ್ತಿತ್ತು. ಎಷ್ಟು ಹಿತವಾದ ಶಬ್ದ ಎಂದುಕೊಂಡಳು. ಕಾರಿನಲ್ಲಿ ಹೋಗುವಾಗ ಇಬ್ಬರೂ ಒಪ್ಪಿಕೊಂಡುಬಿಟ್ಟಿದ್ದರು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? "ನಾನೂ ಬದಲಾಯಿಸಿದ್ದೆ ಭಾವ." "ನೀನೂನಾ? ಥೂ!" ಎಂದು ನಕ್ಕು, ಇಬ್ಬರಲ್ಲಿ ದೊಡ್ಡವರಾದ ಮೇಷ್ಟ್ರೇ ಸೇತುವೆ ಕಡೆಯ ತಂತಿಯನ್ನು ಮೊದಲಿನ ಹಾಗೆ ಮಾಡುವುದೆಂದು ತೀರ್ಮಾನವಾಗಿತ್ತು. ಅವಳು ಅಪ್ಪನ ಅಂಗಿಯ ಕೊನೆಯ ಗುಂಡಿ ಹಾಕುವ ಹೊತ್ತಿಗೆ ಮೇಷ್ಟ್ರು ಕೆಳಗೆ ಹೋಗಿ ಬಂದು ಮಂಡಿಯ ಧೂಳು ಕೊಡವಿಕೊಳ್ಳುತ್ತಿದ್ದರು.

ಅಪ್ಪನನ್ನು ಮೇಜಿನ ಪಕ್ಕ, ಸ್ಟೇಷನ್ನಿನ ಎದುರಿಗೇ ಕೂರಿಸಿದರು. ಅಪ್ಪ ಸೇತುವೆಯಿಂದ ಸುರಂಗದವರೆಗೆ ಕಣ್ಣಾಡಿಸಿದರು. ಆಮೇಲೆ ಕೈಯೆತ್ತಿ, ಹಸಿರು ತೋರಿಸುವವರ ಹಾಗೆ, ಬೀಸಿದರು.

ರೈಲು ಸುರಂಗದಿಂದ ಹೊರಬಂತು. ಅವಳು ಕಣ್ಣು ಮುಚ್ಚಿಕೊಳ್ಳಲಿಲ್ಲ, ಯಾಕೆಂದರೆ ಅವಳಿಗೆ ಗೊತ್ತಿತ್ತು, ಈ ಸಲ ದಾಟುತ್ತದೆ.

ಕೀಂಯ್.

ಸ್ಟೇಷನ್ನಿನ ದೀಪ ಆರಿತು.

"ಕೆಂಪು ಕಿಟಕಿ ಕಡೆ ತಾನೇ?" ಎಂದು ಕೇಳಿದರು ಅಪ್ಪ.

"ಹೌದು ಮಾವ."

"ಹೌದಪ್ಪ."

ಮೇಷ್ಟ್ರು ನಿಧಾನವಾಗಿ ಅವಳ ಕಡೆ ತಿರುಗಿದರು. ಭಾವಮೈದುನನ ಕಡೆಗಲ್ಲ, ಅವಳ ಕಡೆಗೆ. "ನಿನ್ನ ತಮ್ಮನ್ನ ಕೇಳು," ಎಂದರು ತಗ್ಗಿದ ದನಿಯಲ್ಲಿ, "ಕಾರಲ್ಲಿ ಹೇಳಿದ್ದು ನಿಜಾನಾ, ಇಲ್ಲ ನಾಟಕಾನಾ ಅಂತ."

"ಅಕ್ಕಾ, ಭಾವನಿಗೆ ಹೇಳು, ಕೆಳಗೆ ಹೋಗಿ ಬರೇ ಮಂಡಿ ಧೂಳು ಮಾಡ್ಕೊಂಡು ಬಂದ್ರೆ ಸಾಲದು ಅಂತ."

ಅವಳಿಗೆ ಆಗ ಎಲ್ಲ ತಿಳಿಯಿತು. "ನಾನು," ಎಂದಳು. "ನಾನೇ ಬದಲಾಯಿಸಿದ್ದು. ನೀವು ಹೋದಾಗ. ನಿನ್ನ ಕಡೇದು ಕಣೋ."

ಇಬ್ಬರೂ ಒಟ್ಟಿಗೆ ಬಗ್ಗಿದರು, ಒಬ್ಬರು ಈ ತುದಿಗೆ, ಇನ್ನೊಬ್ಬ ಆ ತುದಿಗೆ.

"ಯಾರೂ ಮುಟ್ಟಬೇಡಿ!" ಎಂದು ಅವಳು ಕೂಗಿದ ರಭಸಕ್ಕೆ ಅಪ್ಪ ಕೂಡ ಬೆಚ್ಚಿಬಿದ್ದರು. "ಕೈ ಮೇಲೆ! ಇಬ್ಬರೂ! ನಾನು ಹೋಗ್ತೀನಿ. ನಾನೊಬ್ಬಳೇ."

ತಮ್ಮನ ಸ್ಕ್ರೂಡ್ರೈವರು ಕಿತ್ತುಕೊಂಡು ಕೆಳಗೆ ಹೋದಳು. ಅಲ್ಲಿಂದ ಮೂರು ಜೊತೆ ಕಾಲು ಕಾಣುತ್ತಿದ್ದವು. ಎರಡು ಜೊತೆ ಚಡಪಡಿಸುತ್ತಿದ್ದವು, ಒಂದು ಜೊತೆ ಗಾಲಿಕುರ್ಚಿಯ ಕಾಲುಹಲಗೆಯ ಮೇಲೆ ಇಟ್ಟ ಹಾಗೇ ಇದ್ದವು. ಕಡ್ಡಿಯಿಂದ ತಿರುಗಿಸಿ ತಿರುಗಿಸಿ ಸ್ಕ್ರೂವಿನ ತಲೆ ಸವೆದು ಬೋಳಾಗಿತ್ತು. ಒತ್ತಿ ತಿರುಗಿಸಿದಳು. ಕನೆಕ್ಟರಿನ ಪ್ಲಾಸ್ಟಿಕ್ಕು, ಆಗಲೇ ಚಿಟ್ ಎಂದಿದ್ದದ್ದು, ಈಗ ಎರಡಾಗಿ ಒಡೆದು ಅವಳ ಎದೆಯ ಮೇಲೆ ಬಿತ್ತು. ಕೆಂಪು ತಂತಿ ಒಂದು ಕಡೆ ಜೋತಾಡಿತು, ಕಪ್ಪು ಇನ್ನೊಂದು ಕಡೆ. ಭಾನುವಾರ. ಅಂಗಡಿ ಇಲ್ಲ. ಮೇಲೆ ಅಪ್ಪ ಕೆಮ್ಮಿದರು.

ಮೇಲಿನ ಕಂಬಿಗಳಿಂದ ಇಳಿದ ತಂತಿಯ ಎರಡು ಬೋಳು ತುದಿಗಳಿಗೆ ಅವಳು ಈ ಎರಡು ತುದಿಗಳನ್ನು ಅದಲುಬದಲಾಗಿ ಒತ್ತಿ, ಬಲಗೈಯ ಎರಡು ಬೆರಳಲ್ಲಿ ಒಂದು ಜೋಡಿ, ಎಡಗೈಯ ಎರಡು ಬೆರಳಲ್ಲಿ ಇನ್ನೊಂದು ಜೋಡಿ ಹಿಡಿದಳು. ಬೆರಳ ತುದಿ ಇರುವೆ ಹರಿದ ಹಾಗೆ ಚುರುಗುಟ್ಟಿತು.

"ಗಾಡಿ ಬಿಡಿ," ಎಂದಳು.

ಗಾಡಿ ಹೊರಟಿತು. ಅವಳ ಹಣೆಯ ಮೇಲೆಯೇ ಹಲಗೆ ಗುಂಯ್‌ಗುಟ್ಟಿತು. ಗಾಲಿಗಳು ಟಕ್ ಟಕ್ ಎಂದು ಗೆರೆ ದಾಟಿದವು, ಎಂಜಿನ್ನು, ಆಮೇಲೆ ಬೋಗಿಗಳು, ಒಂದರ ಹಿಂದೆ ಒಂದು. ಪೆಟ್ಟಿಗೆ ಕೂಗಲಿಲ್ಲ. ತಮ್ಮ "ಭಾವಾ!" ಎಂದ, ಅಷ್ಟೇ. ಸೇತುವೆಯ ಕಡೆಗೆ ಶಬ್ದ ಸರಿಯಿತು.

"ಇದೇನು ಗೆರೆ?" ಎಂದದ್ದು ಕೇಳಿಸಿತು. ಅಪ್ಪನ ಬೆರಳು ಮರದ ಹೊಟ್ಟನ್ನು ಸರಿಸುತ್ತಿತ್ತೇನೋ, ಕುಯ್ದ ಸಂದಿಯಿಂದ ಒಂದಿಷ್ಟು ಅವಳ ಮುಖದ ಮೇಲೆ ಉದುರಿತು.

"ಮರ ಬಿರುಕು ಬಿಟ್ಟಿದೆ ಮಾವ. ಹಳೇದಲ್ವಾ," ಎಂದರು ಮೇಷ್ಟ್ರು.

ಗಾಡಿ ಇನ್ನೊಂದು ತಿರುವು ದಾಟಿತು.

"ಬಿರುಕು ಇಷ್ಟು ನೆಟ್ಟಗೆ ಬಿಡಲ್ಲ, ಅಳಿಯಂದ್ರೇ," ಎಂದರು ಅಪ್ಪ.

ಗಾಡಿ ಸುರಂಗ ಹೊಕ್ಕಿತು, ಹೊರಬಂತು, ಮತ್ತೆ ಅವಳ ಹಣೆಯ ಮೇಲೆ ಬಂದು ದಾಟಿತು. ಒಂದು ಸುತ್ತು ಪೂರ್ತಿಯಾಗಿರಬೇಕು. ಕಣ್ಣೊಳಗೆ ಮರದ ಹೊಟ್ಟು ಬಿದ್ದು ನೀರು ಬರುತ್ತಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ.

"ಪುಟ್ಟಿ ಎಲ್ಲಿ?" ಎಂದರು ಅಪ್ಪ. "ಅವಳೂ ನೋಡ್ಲಿ. ಕರೀರಿ ಅವಳನ್ನ."

ಮೇಷ್ಟರ ಕಾಲು ಒಂದು ಹೆಜ್ಜೆ ಇತ್ತ ಬಂದು ನಿಂತಿತು. ತಮ್ಮನ ಕಾಲೂ ಬಂತು, ನಿಂತಿತು. ಬಗ್ಗಿ ನೋಡಲು ಇಬ್ಬರಿಗೂ ಆಗಲಿಲ್ಲ.

"ಇಲ್ಲೇ ಇದ್ದೀನಿ ಅಪ್ಪ," ಎಂದಳು ಅವಳು ಕೆಳಗಿನಿಂದ. "ಬಂದೆ, ಬಂದೆ. ನೀವು ನೋಡ್ತಾ ಇರಿ."

ಬೆರಳು ಇನ್ನಷ್ಟು ಒತ್ತಿ ಹಿಡಿದಳು.